ನಿಖಿತಾಳ ಕೂಸು

ಅನುಜಾ ಹೆರಿಗೆಗೆಂದು ಖಾನಾಪುರದ ತವರಿಗೆ ಬಂದಾಗ ಆ ಮನೆಯಲ್ಲಿ ಆಗಲೇ ಇನ್ನೊಬ್ಬ ಬಸುರಿಯಿದ್ದಳು. ತಮ್ಮ ಅತಿಶಯನ ಹೆಂಡತಿ ನಿಖಿತಾ. ಇಬ್ಬರ ದಿನಗಳಿಗೂ ಮೂರು ವಾರದಷ್ಟೇ ಅಂತರ. ಚೊಚ್ಚಲ ಹೆರಿಗೆಗೆ ನಿಖಿತಾ ಬೆಳಗಾವಿಯ ಅನಗೋಳಕ್ಕೆ, ತನ್ನ ತವರಿಗೆ ಹೋಗಬೇಕಿತ್ತು. ಆದರೆ ಆ ಬಾಗಿಲು ಮುಚ್ಚಿ ಎರಡು ವರ್ಷವಾಗಿತ್ತು. ಅವರು ಲಿಂಗಾಯತರು, ಇವರು ಜೈನರು. ಕಾಲೇಜಿನಲ್ಲಿ ಒಟ್ಟಿಗೆ ಓದಿದ ಇಬ್ಬರೂ ರಿಜಿಸ್ಟರ್ ಮದುವೆಯಾದ ದಿನ ಅವಳ ಅಪ್ಪ ತಮ್ಮಣ್ಣ, "ಅಕಿ ಇನ್ನ ಈ ಮನಿ ಹೊಸ್ತಲಾ ತುಳಿಯೂದು ಬ್ಯಾಡ" ಎಂದು ಹೇಳಿ ಕಳಿಸಿದ್ದರು. ಅವಳ ತಾಯಿ ಕಾಂತಾ ಮಗಳೊಡನೆ ಮಾತಾಡುತ್ತಿದ್ದುದು ಗಂಡ ಕಿರಾಣಿ ಅಂಗಡಿಗೆ ಹೋದ ಮೇಲೆ, ಫೋನಿನಲ್ಲಿ ಮಾತ್ರ.

ಒಂದೇ ಸೂರಿನಡಿ ಇಬ್ಬರು ಬಾಣಂತಿಯರು ಇರಬಾರದೆಂದು ಓಣಿಯ ಹೆಂಗಸರು ಅನುಜಾಳ ತಾಯಿ ತಾರಾಬಾಯಿಗೆ ಹೇಳಿ ನೋಡಿದರು.

"ಒಬ್ಬಾಕಿ ಮಗಳು, ಒಬ್ಬಾಕಿ ಸೊಸಿ. ಯಾರನ್ನ ಹೊರಗ ಹಾಕ್ಲಿ? ಒಂದರ ಬದ್ಲಿ ಎರಡು ಹಂಡೆ ನೀರು ಕಾಸ್ತೀನಿ, ಅಷ್ಟ ಅಲಾ?" ಎಂದು ತಾರಾಬಾಯಿ ಆ ಮಾತನ್ನು ಅಲ್ಲಿಗೇ ಮುಗಿಸಿದರು. ಗಂಡ ತೀರಿಕೊಂಡ ಮೇಲೆ ಮನೆಯನ್ನು ಒಬ್ಬರೇ ನಡೆಸಿದ ಹೆಂಗಸು. ಹೆಚ್ಚು ಮಾತಿಲ್ಲ.

ಅನುಜಾಳಿಗೆ ಗಂಡುಮಗುವಾಯಿತು. ಹೆರಿಗೆ ಸುಸೂತ್ರ. ಕಷ್ಟ ಶುರುವಾದದ್ದು ಆಮೇಲೆ. ಕೂಸು ಮೊಲೆ ಹಿಡಿಯಲೊಲ್ಲದು. ಹಿಡಿದರೆ ಎರಡು ಗುಟುಕಿಗೆ ಬಿಟ್ಟು ಮುಖ ತಿರುಗಿಸಿ ಕಿರುಚುತ್ತಿತ್ತು. ಮೊಲೆತೊಟ್ಟು ಸೀಳಿ ರಕ್ತ ಬಂತು. ಹಾಲು ಹೆಚ್ಚಲೆಂದು ತಾರಾಬಾಯಿ ಅಳ್ವಿ ಬೀಜದ ಪಾಯಸ ಮಾಡಿದರು, ಅಂಟಿನ ಉಂಡಿ ಕಟ್ಟಿದರು, ಬಿಸಿನೀರು ಎರೆದು ಹೊರಸಿನ ಕೆಳಗೆ ಕೆಂಡ ಇಟ್ಟರು. ಎಲ್ಲವನ್ನೂ ಅನುಜಾ ಮಾಡಿಸಿಕೊಂಡಳು. ಪ್ರತಿ ಸಲ ಕೂಸು ಎದ್ದಾಗ ಮಾತ್ರ ಅವಳಿಗೆ ಹೆದರಿಕೆಯಾಗುತ್ತಿತ್ತು. ಪೀರನವಾಡಿಯ ಶಾಲೆಯೊಂದರಲ್ಲಿ ನಲವತ್ತು ಮಕ್ಕಳನ್ನು ಒಂದು ಕಣ್ಣೋಟದಲ್ಲಿ ಸುಮ್ಮನಾಗಿಸುತ್ತಿದ್ದ ಟೀಚರು, ಮೂರು ಕಿಲೋ ಸಹ ಇಲ್ಲದ ಒಂದು ಜೀವಕ್ಕೆ ಅಂಜಿ ಕೂತಿದ್ದಳು.

ಆ ದಿನಗಳಲ್ಲಿ ಅವಳ ಜೊತೆಗಿದ್ದವಳು ನಿಖಿತಾ. ಎಂಟು ತಿಂಗಳು ದಾಟಿದ ಹೊಟ್ಟೆ ಹೊತ್ತುಕೊಂಡು ಬಂದು, ಕೂಸನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆದಾಡುತ್ತಿದ್ದಳು.

"ನೀವ್ ಮಕ್ಕೋರಿ ಅಕ್ಕಾ, ನಾ ಹಿಡಕೋತೀನಿ. ನನಗೂ ಪ್ರಾಕ್ಟೀಸ್ ಆಕ್ಕೇತಿ."

"ನಿನ್ನ ಕಾಲು ನೋಡು ಎಷ್ಟು ಬಾತಾವ. ಕುಂದರು."

"ಕುಂತ್ರ ಇಂವ ಅಳ್ತಾನ್ರಿ. ನಿಂತ್ರ ನನ್ನ ಹೊಟ್ಟ್ಯಾಗಿನ್ದು ಒದೀತೈತಿ. ಇಬ್ಬರೂ ಕೂಡಿ ನನ್ನ ಆಟಾ ಆಡಸಾಕತ್ತಾರ," ಎಂದು ನಗುತ್ತಿದ್ದಳು.

ತನ್ನ ತಾಯಿಯ ಫೋನು ಬಂದರೆ ಹಿತ್ತಲಿಗೆ ಹೋಗಿ ಮಾತಾಡಿ ಬರುತ್ತಿದ್ದಳು. ಒಮ್ಮೆ ಅನುಜಾ ಕೇಳಿದ್ದಕ್ಕೆ, "ಅಪ್ಪಗ ಮೊಮ್ಮಗು ತೋರಿಸಿದ್ರ ಸಿಟ್ಟು ಇಳೀತೈತಿ ಅಂತಾಳ್ರಿ ಅವ್ವ. ನೋಡೂಣು," ಎಂದಿದ್ದಳು.

ಹದಿನೆಂಟನೆಯ ದಿನ ಮಧ್ಯಾಹ್ನ ಅನುಜಾಳ ಸಹನೆ ಮುಗಿದುಹೋಯಿತು. ಬೆಳಗಿನಿಂದ ಕೂಸು ಅತ್ತೇ ಅತ್ತಿತ್ತು. ನಿಖಿತಾ ಬಾಗಿಲಲ್ಲಿ ನಿಂತು, "ಅಕ್ಕಾ, ಸ್ವಲ್ಪ ಓರೆ ಹಿಡದು ನೋಡ್ರಿ, ನಾ ಮೊಬೈಲದಾಗ ನೋಡೇನಿ" ಎಂದಳು.

"ನಿನಗೇನ್ ಗೊತ್ತು? ನಿಂದು ಹೊರಗ ಬರ್ಲಿ, ಆವಾಗ ತಿಳೀತೈತಿ," ಅಂದಳು ಅನುಜಾ.

ನಿಖಿತಾ ಹಿತ್ತಲಿಗೆ ಹೋದಳು. ಸಂಜೆ ಎಂದಿನಂತೆ ಚಹಾ ತಂದಿಟ್ಟಳು. ಅನುಜಾ ಕ್ಷಮೆ ಕೇಳಬೇಕೆಂದುಕೊಂಡಳು. ನಾಳೆ ಹೇಳಿದರಾಯಿತೆಂದು ಸುಮ್ಮನಾದಳು.

ಮರುದಿನ ಬೆಳಿಗ್ಗೆ ನಿಖಿತಾಳಿಗೆ ನೋವು ಬಂತು. ಅತಿಶಯ ತಹಸೀಲ್ದಾರ್ ಕಚೇರಿಯೆದುರಿನ ತನ್ನ ಝೆರಾಕ್ಸ್ ಅಂಗಡಿಯನ್ನು ಅರ್ಧಕ್ಕೇ ಮುಚ್ಚಿ ಓಡಿಬಂದ. ಕಾರು ಮಾಡಿ ಬೆಳಗಾವಿಗೆ ಕರೆದೊಯ್ದರು. ತಾರಾಬಾಯಿಯೂ ಹೋದರು. ಅನುಜಾಳ ಜೊತೆ ಬಾಜು ಮನೆಯಾಕೆ ಬಂದು ಕೂತಳು. ಸಂಜೆ ಐದಕ್ಕೆ ತಮ್ಮನ ಫೋನು ಬಂತು: ಹೆಣ್ಣು, ಎರಡು ಕಿಲೋ ಏಳುನೂರು, ಇಬ್ಬರೂ ಆರಾಮ. ಏಳಕ್ಕೆ ಮತ್ತೆ ಫೋನು ಬಂತು. ರಕ್ತ ನಿಲ್ಲುತ್ತಿಲ್ಲ, ಇನ್ನೂ ರಕ್ತ ಏರಿಸಬೇಕಂತೆ. ಅದಾದ ಮೇಲೆ ಅನುಜಾ ಎಷ್ಟು ಸಲ ಹಚ್ಚಿದರೂ ಅವನು ಫೋನೆತ್ತಲಿಲ್ಲ. ನಿಖಿತಾ ಮರುದಿನ ಬೆಳಿಗ್ಗೆ ಹತ್ತಕ್ಕೆ ಹೋದಳು. ಇಪ್ಪತ್ತೈದು ವರ್ಷ ತುಂಬಲು ಅವಳಿಗೆ ಎರಡು ತಿಂಗಳು ಬಾಕಿಯಿತ್ತು.

ಹೆಣವನ್ನು ಮನೆಗೆ ತಂದಾಗ ಅನುಜಾಳನ್ನು ಒಳಕೋಣೆಯಿಂದ ಹೊರಗೆ ಬಿಡಲಿಲ್ಲ. "ಹಸಿ ಬಾಣಂತಿ ನೀ. ನೋಡಬ್ಯಾಡ," ಎಂದು ಹೆಂಗಸರು ಬಾಗಿಲೆಳೆದುಕೊಂಡರು. ಕಿಟಕಿಯ ಸಂದಿಯಿಂದ ಅವಳಿಗೆ ಕಂಡದ್ದು ನಿಖಿತಾಳ ಪಾದಗಳು ಮಾತ್ರ. ಬಾವು ಇನ್ನೂ ಇಳಿದಿರಲಿಲ್ಲ. ಹೊರಗೆ ಯಾರೋ ಹೆಂಗಸು ಒಂದೇ ಸಮನೆ, "ನನ್ನ ಕರದಿದ್ರ ಬರ್ತಿದ್ನಲ್ಲೋ, ನನ್ನ ಕರದಿದ್ರ ಬರ್ತಿದ್ನಲ್ಲೋ" ಎಂದು ಬಡಬಡಿಸುತ್ತಿದ್ದಳು. ಆಕೆಯೇ ಕಾಂತಾ. ಮದುವೆಯಾದ ಮೇಲೆ ಮಗಳ ಮನೆಗೆ ಅದೇ ಮೊದಲ ಸಲ ಬಂದದ್ದು. ತಮ್ಮಣ್ಣ ಅಂಗಳದಾಚೆ, ರಸ್ತೆಯ ಮೇಲೆ ನಿಂತಿದ್ದರು. ಒಳಗೆ ಬರಲಿಲ್ಲ. ಮಲಪ್ರಭೆಯ ದಂಡೆಗೆ ಹೊತ್ತೊಯ್ಯುವಾಗ ಎಲ್ಲರ ಹಿಂದೆ ನಡೆದುಹೋದರು.

ನಿಖಿತಾಳ ಕೂಸನ್ನು ನಾಲ್ಕು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದರು. ಐದನೆಯ ದಿನ ತಾರಾಬಾಯಿ ಅದನ್ನು ಮನೆಗೆ ತಂದರು. ಡಬ್ಬಿಯ ಪುಡಿ ಹಾಲು ಅದಕ್ಕೆ ಒಗ್ಗಲಿಲ್ಲ. ಕುಡಿದದ್ದೆಲ್ಲ ವಾಂತಿ, ಆಮೇಲೆ ಭೇದಿ. ಎರಡೇ ದಿನಕ್ಕೆ ಕಣ್ಣು ಒಳಗೆ ಹೋದವು. ತಾರಾಬಾಯಿ ಅದನ್ನೆತ್ತಿಕೊಂಡು ಅನುಜಾಳ ಹೊರಸಿನ ಪಕ್ಕ ಬಂದು ನಿಂತರು. ಏನೂ ಕೇಳಲಿಲ್ಲ.

"ನನ್ನ ಕೈಲೆ ಆಗೂದಿಲ್ಲವ್ವಾ," ಅಂದಳು ಅನುಜಾ. "ಒಂದಕ್ಕ ಕುಡಸೂದ ನನಗ ಬರವಲ್ದು. ನೋಡಾಕತ್ತೀಯಲಾ?"

ತಾರಾಬಾಯಿ ತಲೆಯಾಡಿಸಿ ಕೂಸಿನೊಂದಿಗೆ ನಡುಮನೆಗೆ ಹೋದರು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎಂದು ಅನುಜಾಳಿಗೆ ಅನ್ನಿಸಿತು. ಗೋಡೆಯಾಚೆ ಆ ಅಳು ಕೇಳುತ್ತಲೇ ಇತ್ತು. ತನ್ನ ಮಗನ ಅಳುವಿನಂತೆ ಜೋರಾದ ಕಿರುಚಾಟವಲ್ಲ. ತೆಳ್ಳಗೆ, ನಡುನಡುವೆ ನಿಂತು ಮತ್ತೆ ಶುರುವಾಗುವ ಅಳು. ಸ್ವಲ್ಪ ಹೊತ್ತಿಗೆ ಅವಳ ಕುಪ್ಪಸದ ಮುಂಭಾಗ ತಾನೇ ತೊಯ್ದುಹೋಯಿತು. ಮಗ ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದ. ಅವಳು ಎದ್ದು ಗೋಡೆ ಹಿಡಿದುಕೊಂಡು ನಡುಮನೆಗೆ ಹೋದಳು.

"ಕೊಡಿಲ್ಲೆ."

ಕೂಸು ಬಾಯಿ ಹಚ್ಚಿದ ಕೂಡಲೇ ಹಿಡಿದುಕೊಂಡಿತು. ಕಣ್ಣು ಮುಚ್ಚಿ, ಸಣ್ಣ ಮುಷ್ಟಿಯನ್ನು ಅವಳ ಎದೆಗೊತ್ತಿ, ಗುಟುಕು ಗುಟುಕಾಗಿ ಕುಡಿಯತೊಡಗಿತು. ನೋವಿಲ್ಲ, ಕಿರುಚಾಟವಿಲ್ಲ. ಇಪ್ಪತ್ತಾರು ದಿನ ತಾನು ಹೆಣಗಿದ್ದು ಇಷ್ಟು ಸುಲಭದ ಕೆಲಸಕ್ಕೋ ಎಂದು ಅನುಜಾಳಿಗೆ ದಿಗಿಲಾಯಿತು. ಆಮೇಲೆ ಅವಳು ಅತ್ತಳು. ನಿಖಿತಾ ಸತ್ತ ಮೇಲೆ ಅದೇ ಮೊದಲ ಸಲ. ಬಾಣಂತಿ ಅತ್ತರೆ ಹಾಲು ಬತ್ತುತ್ತದೆಂದು ಎಲ್ಲರೂ ತಡೆದಿದ್ದರು. ಈಗ ತಾರಾಬಾಯಿ ತಡೆಯಲಿಲ್ಲ. ಅವರೂ ಸೆರಗಿನಿಂದ ಮುಖ ಒರೆಸಿಕೊಂಡು ಅಲ್ಲೇ ನೆಲದ ಮೇಲೆ ಕೂತರು.

ಅಂದಿನಿಂದ ಮನೆಯಲ್ಲಿ ಹೊತ್ತುಗೊತ್ತೆನ್ನುವುದು ಉಳಿಯಲಿಲ್ಲ. ಒಂದು ಮಲಗಿದರೆ ಇನ್ನೊಂದು ಏಳುತ್ತಿತ್ತು. ತಾರಾಬಾಯಿ ಇಬ್ಬರಿಗೂ ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಬಟ್ಟೆ ಒಗೆದು, ಅಡುಗೆ ಮಾಡಿ, ಮತ್ತೆ ಬಟ್ಟೆ ಒಗೆಯುತ್ತಿದ್ದರು. ಅತಿಶಯ ಬೆಳಿಗ್ಗೆ ಅಂಗಡಿಗೆ ಹೋಗಿ ಸಂಜೆ ಬರುತ್ತಿದ್ದ. ಪೇಟೆಯಿಂದ ಬೇಕಾದ್ದೆಲ್ಲ ತರುತ್ತಿದ್ದ. ಮಗಳಿದ್ದ ಕೋಣೆಗೆ ಮಾತ್ರ ಕಾಲಿಡುತ್ತಿರಲಿಲ್ಲ. ಒಮ್ಮೆ ತಾರಾಬಾಯಿ ಕೂಸನ್ನು ಅವನ ತೊಡೆಯ ಮೇಲೆ ಇಡಲು ಹೋದಾಗ ಎದ್ದು ನಿಂತುಬಿಟ್ಟ. "ಬ್ಯಾಡವ್ವಾ. ಇನ್ನೂ ಬ್ಯಾಡ," ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಅನುಜಾಳೊಳಗೂ ಒಂದು ಸಂಗತಿ ಬೆಳೆಯುತ್ತಿತ್ತು. ಅದನ್ನವಳು ಯಾರಿಗೂ ಹೇಳಲಿಲ್ಲ. ಇಬ್ಬರೂ ಎದ್ದಿದ್ದರೆ ಅವಳ ಕೈ ಮೊದಲು ಹುಡುಗಿಯ ಕಡೆ ಹೋಗುತ್ತಿತ್ತು. ಮಗನನ್ನು ಎತ್ತಿಕೊಂಡರೆ ಮೈಯೆಲ್ಲ ಬಿಗಿಯುತ್ತಿತ್ತು. ಅವಳನ್ನು ಎತ್ತಿಕೊಂಡರೆ ಭುಜ ಸಡಿಲಾಗುತ್ತಿತ್ತು. ನಿಖಿತಾಳಿಗೆ ಆಡಿದ ಮಾತಿಗೆ ಇದು ಪ್ರಾಯಶ್ಚಿತ್ತವೆಂದು ಮೊದಮೊದಲು ತನಗೆ ತಾನೇ ಹೇಳಿಕೊಂಡಳು. ಎರಡು ವಾರದ ನಂತರ ಅದೂ ಪೂರ್ತಿ ಖರೆಯಲ್ಲ ಎಂದು ಗೊತ್ತಾಯಿತು. ಆ ಹುಡುಗಿಯ ಬಳಿ ಮಾತ್ರ ತಾನು ತಾಯಿ ಎನ್ನಿಸುತ್ತಿತ್ತು ಅವಳಿಗೆ.

ಒಂದು ದಿನ ಆಶಾ ಕಾರ್ಯಕರ್ತೆ ಬಂದು ಜೋಳಿಗೆಯ ತಕ್ಕಡಿಯಲ್ಲಿ ಇಬ್ಬರನ್ನೂ ತೂಗಿದಳು. ಹುಡುಗಿ ಚೆನ್ನಾಗಿ ಏರಿದ್ದಳು. ಹುಡುಗನನ್ನು ಎರಡು ಸಲ ತೂಗಿ ನೋಡಿದಳು. ಮೂರು ವಾರದಲ್ಲಿ ನೂರಾ ಐವತ್ತು ಗ್ರಾಂ ಕೂಡ ಹೆಚ್ಚಾಗಿರಲಿಲ್ಲ.

ಖಾನಾಪುರದ ಡಾಕ್ಟರಮ್ಮ ಬೈಯಲಿಲ್ಲ. "ಅವಳಿ ಮಕ್ಕಳಿಗೆ ಕುಡಸೋರು ಇರ್ತಾರವ್ವಾ. ಆದ್ರ ನೀ ಉಣ್ಣಾಕತ್ತಿಲ್ಲ, ಮಕ್ಕೊಳ್ಳಾಕತ್ತಿಲ್ಲ. ಇಂವ ಎಳಿಯೂದ ಸಣ್ಣಗ, ಎದ್ಯಾಗ ಕೊನೀಗೆ ಉಳದ ಹಾಲು ಕುಡಿಯಾಕ ಇವಗ ಶಕ್ತಿ ಸಾಲೂದಿಲ್ಲ. ಒಬ್ಬರಿಗೆ ಮ್ಯಾಲಿನ ಹಾಲು ಹಾಕಬೇಕು. ಯಾರಿಗೆ ಅಂತ ಮನ್ಯಾಗ ಮಾತಾಡ್ರಿ," ಎಂದರು.

ರವಿವಾರ ಅನುಜಾಳ ಗಂಡ ಸುಯೋಗ ಬಂದ. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಸೂಪರ್‌ವೈಸರ್. ವಾರಕ್ಕೊಮ್ಮೆ ಮಗನನ್ನು ನೋಡಲು ಬಸ್ಸು ಹತ್ತಿ ಬರುತ್ತಿದ್ದ. ಮಗನ ಕಾಲನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದ. ತೊಡೆಯ ಚರ್ಮ ಸಡಿಲಾಗಿತ್ತು.

"ಅನೂ, ಒಂದ ಮಾತ ಕೇಳ್ತೀನಿ. ಸಿಟ್ಟಾಗಬ್ಯಾಡ. ಇಬ್ಬರೂ ಹಸದಾಗ ನೀ ಮೊದಲ ಯಾರಿಗೆ ಕುಡಸ್ತಿ?"

ಸುಳ್ಳು ಹೇಳಲು ಅನುಜಾಳಿಗೆ ಆಗಲಿಲ್ಲ. "ಅಕಿಗ್ರಿ."

ಅವನು ಮಗನ ಕಾಲಿನ ಮೇಲೆ ಬಟ್ಟೆ ಹೊದಿಸಿದ. ಆಮೇಲೆ ತಗ್ಗಿದ ದನಿಯಲ್ಲಿ ಅಂದ, "ಅಕಿನ್ನ ಬಿಡು ಅಂತ ನಾ ಹೆಂಗ ಹೇಳ್ಲಿ? ತಾಯಿ ಇಲ್ಲದ ಕೂಸು. ಆದ್ರ ಇಂವಗ ತಾಯಿ ಅದಾಳ ಅಲಾ? ಇದ್ದೂ ಹಿಂಗಾದ್ರ?"

ಹುಡುಗಿಗೆ ಬಾಟಲಿ ಹಿಡಿಸಲು ನೋಡಿದರು. ಅವಳು ಹಲ್ಲಿಲ್ಲದ ಬಾಯಿ ಬಿಗಿದುಕೊಂಡು ತಲೆ ಕೊಡವಿದಳು. ಹೊಟ್ಟೆಗೆ ಹೋದಷ್ಟೂ ವಾಂತಿಯಾಯಿತು. ಹಾಗಾಗಿ ಬಾಟಲಿ ಹುಡುಗನಿಗೆ ಬಂತು. ಅವನು ಬೇಡ ಅನ್ನಲಿಲ್ಲ. ಕಷ್ಟಪಡದೆ ಬಾಯಿಗೆ ಬರುವ ಹಾಲು ಅವನಿಗೆ ಎಷ್ಟು ಹಿಡಿಸಿತೆಂದರೆ, ನಾಲ್ಕನೆಯ ದಿನ ಅನುಜಾ ಎದೆಗೆ ಹಚ್ಚಿದಾಗ ಬೆನ್ನು ಬಿಲ್ಲಿನಂತೆ ಮಾಡಿ ಕಿರುಚಿದ. ಮೊಲೆಯೇ ಬೇಡವಾಯಿತು. ತಾರಾಬಾಯಿ ಅವನಿಗೆ ಬಾಟಲಿ ಹಿಡಿದರು. ಅನುಜಾ ಹುಡುಗಿಯನ್ನು ಎತ್ತಿಕೊಂಡಳು. ಎರಡು ದಿನ ಹೀಗೇ ನಡೆಯಿತು.

ಕಾಂತಾ ಬಂದದ್ದು ಆಗಲೇ. ಮಗಳು ಹೋದ ಹದಿಮೂರನೆಯ ದಿನ ಒಮ್ಮೆ ಬಂದು ಹೋಗಿದ್ದರು. ಈಗ ಒಬ್ಬರೇ, ಬೆಳಗಿನ ರೈಲಿಗೆ ಬಂದು, ಸ್ಟೇಶನ್ನಿನಿಂದ ನಡೆದು ಬಂದಿದ್ದರು. ಕೈಯಲ್ಲೊಂದು ಚೀಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ನೋಡಿದವರು ಹಾಗೇ ನಿಂತರು. ಗೋಡೆಗೊರಗಿ ಅನುಜಾ ಅವರ ಮೊಮ್ಮಗಳಿಗೆ ಮೊಲೆಯೂಡುತ್ತಿದ್ದಳು. ಎದುರಿಗೆ ತಾರಾಬಾಯಿಯ ತೊಡೆಯ ಮೇಲೆ, ಮೂಳೆ ಕಾಣುವ ಮುಖದ ಹುಡುಗ ಬಾಟಲಿ ಚೀಪುತ್ತಿದ್ದ.

"ಬರ್ರಿ, ಕುಂದರ್ರಿ," ಅಂದರು ತಾರಾಬಾಯಿ.

ಕಾಂತಾ ಕೂರಲಿಲ್ಲ. ಹುಡುಗನ ಹತ್ತಿರ ಹೋಗಿ ಬಗ್ಗಿ ನೋಡಿದರು. "ಇದು ನಿನ್ನ ಕೂಸನ, ತಂಗೀ?" ಎಂದು ಅನುಜಾಳನ್ನು ಕೇಳಿದರು.

"ಹೌದ್ರಿ ಕಾಕೂ."

ಅವರು ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಚಹಾ ಬಂತು, ಆರಿತು. ಅವರು ಮುಟ್ಟಲಿಲ್ಲ. ಕೊನೆಗೆ ತಾರಾಬಾಯಿಯ ಕಡೆ ತಿರುಗಿ, "ನಾ ಕೂಸಿನ್ನ ಒಯ್ತೀನ್ರಿ," ಅಂದರು.

ಅನುಜಾಳ ತೋಳು ತಾನಾಗಿ ಬಿಗಿಯಿತು. ಅಷ್ಟು ದಿನ ಎಲ್ಲಿ ಕೂತಿತ್ತೋ, ಎಲ್ಲ ಒಮ್ಮೆಲೇ ಬಾಯಿಗೆ ಬಂತು. "ಅಕಿ ಇದ್ದಾಗ ಒಂದ ದಿನಾ ಬರಲಿಲ್ಲ ನೀವು. ಹಿತ್ತಲಕ್ಕ ಹೋಗಿ ನಿಮ್ಮ ಜೋಡಿ ಕದ್ದು ಮಾತಾಡ್ತಿದ್ಲು ಅಕಿ. ತವರಮನಿಯಿಂದ ಒಂದ ಸೀರಿ ಬರಲಿಲ್ಲ, ಒಂದ ಕುಲಾಯಿ ಬರಲಿಲ್ಲ. ಈಗ ಕೂಸ ಬೇಕಾತೇನ್ರಿ?"

"ಅನುಜಾ!" ಎಂದರು ತಾರಾಬಾಯಿ.

"ಅನ್ಲಿ ಬಿಡ್ರಿ. ಖರೇನ ಐತಿ," ಅಂದರು ಕಾಂತಾ. ಅವರ ದನಿ ಏರಲಿಲ್ಲ. "ನನ್ನ ಮಗಳ ಬಾಣಂತನ ನಾ ಮಾಡ್ಲಿಲ್ಲ. ಗಂಡಗ ಅಂಜಿ ಮನ್ಯಾಗ ಕುಂತೆ. ಅಕಿ ನೋವು ತಿನ್ನೂವಾಗ ನಾ ಜ್ವಾಳಾ ಹಸನ ಮಾಡಾಕತ್ತಿದ್ದೆ. ಅದನ್ನ ನಾ ಸಾಯೂಮಟ ನೆನಸ್ತೀನಿ, ನೀ ಹೇಳೂದ ಬ್ಯಾಡ. ಆದ್ರ ತಂಗೀ, ನಿನ್ನ ಮಗನ ಮಾರಿ ನೋಡು. ನನ್ನ ಮಗಳ ಕೂಸು ಉಳಸಾಕ ಹೋಗಿ ನಿಂದು ಕಳಕೊಂಡ್ರ, ಯಾವ ಮಾರಿ ಇಟ್ಕೊಂಡು ಇಕಿನ್ನ ಬೆಳಸ್ಲಿ ನಾ?"

ಅಷ್ಟರಲ್ಲಿ ಅತಿಶಯ ಊಟಕ್ಕೆಂದು ಬಂದವನು ಬಾಗಿಲಲ್ಲೇ ನಿಂತಿದ್ದ. ಎಷ್ಟು ಕೇಳಿಸಿಕೊಂಡಿದ್ದನೋ.

"ಕೂಸಿನ್ನ ಒಯ್ರಿ," ಅಂದ.

"ಅತಿಶಯಾ, ನಿನ್ನ ಮಗಳೋ ಅಕಿ," ಅಂದಳು ಅನುಜಾ.

"ಗೊತ್ತೈತಿ ಅಕ್ಕಾ. ದಿನಾ ಕಿಟಕ್ಯಾಗಿಂದ ನೋಡ್ತೀನಿ. ಸಮ್ಯಕ್ ಸೊರಗೂದೂ ನೋಡ್ತೀನಿ." ಸಮ್ಯಕ್ ಎಂಬುದು ಅನುಜಾಳ ಮಗನಿಗೆ ಇಡಬೇಕೆಂದುಕೊಂಡ ಹೆಸರು, ಸಾವಿನ ಮನೆಯಲ್ಲಿ ತೊಟ್ಟಿಲಿಗೆ ಹಾಕುವ ಶಾಸ್ತ್ರ ನಡೆದಿರಲಿಲ್ಲ. "ಒಬ್ಬಾಕಿನ್ನ ಕಳಕೊಂಡೇನಿ. ಇನ್ನ ಈ ಮನ್ಯಾಗ ಯಾರಿಗೂ ಏನೂ ಆಗೂದು ಬ್ಯಾಡ. ನಂಗ ತಡಕೊಳ್ಳಾಕ ಆಗೂದಿಲ್ಲ."

ಹೆಂಡತಿ ಸತ್ತ ಮೇಲೆ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು.

ಒಮ್ಮೆಲೇ ಒಯ್ಯುವಂತಿರಲಿಲ್ಲ. ಕೂಸಿಗೆ ಬಾಟಲಿ ರೂಢಿಯಾಗಬೇಕಿತ್ತು. ಕಾಂತಾ ಒಂದು ವಾರ ಅಲ್ಲೇ ಉಳಿದರು. ಗಂಡನಿಗೆ ಫೋನು ಮಾಡಿ, "ನಾ ಬರಾಕ ಎಂಟ ದಿನಾ ಆಕ್ಕೇತಿ. ಅನ್ನಾ ನೀವ ಮಾಡ್ಕೋರಿ," ಎಂದಷ್ಟೇ ಹೇಳಿ ಇಟ್ಟರು. ಡಾಕ್ಟರಮ್ಮ ಬೇರೆ ಥರದ ಪುಡಿ ಬರೆದುಕೊಟ್ಟರು. ಅನುಜಾಳ ಮೈವಾಸನೆ ಹತ್ತಿದರೆ ಕೂಸು ಬಾಟಲಿ ಮುಟ್ಟುವುದಿಲ್ಲ, ಅದಕ್ಕೆ ಅವಳು ದೂರ ಇರಬೇಕು ಎಂದರು.

ಮೊದಲ ದಿನ ಅನುಜಾ ಹಿತ್ತಲಿನ ಬಚ್ಚಲ ಹತ್ತಿರ ಕಲ್ಲಿನ ಮೇಲೆ ಕೂತಳು. ಒಳಗೆ ಹುಡುಗಿ ಅಳುತ್ತಿದ್ದಳು. ಈ ಅಳು ತೆಳ್ಳಗಿರಲಿಲ್ಲ. ತಾನು ಕುಡಿಸಿದ ಹಾಲಿನ ಬಲವೇ ಅದರಲ್ಲಿತ್ತು. ಅನುಜಾ ಎರಡು ಸಲ ಎದ್ದು ಬಾಗಿಲವರೆಗೆ ಹೋದಳು. ತಾರಾಬಾಯಿ ಚಿಲಕ ಹಾಕಿದ್ದರು. "ಅವ್ವಾ, ಒಮ್ಮೆ ಅಷ್ಟ," ಎಂದು ಬಾಗಿಲು ಬಡಿದಳು. ಎದೆ ಕಲ್ಲಾಗಿ ನೋಯುತ್ತಿತ್ತು. ಬಚ್ಚಲಿಗೆ ಹೋಗಿ ಹಾಲನ್ನು ಹಿಂಡಿ ಚೆಲ್ಲಿದಳು. ಎರಡನೆಯ ದಿನವೂ ಹಾಗೇ; ಒಳಗೆ ಕಾಂತಾ ಚಮಚೆಯಿಂದ ಹಾಲು ಹನಿಸುತ್ತಿದ್ದರು. ಮೂರನೆಯ ದಿನ ಮಧ್ಯಾಹ್ನ ಅಳು ತಟ್ಟನೆ ನಿಂತಿತು. ಏನಾಯಿತೋ ಎಂದು ಅವಳು ಹೆದರಿ ಕಿಟಕಿಗೆ ಓಡಿದಳು. ಕಾಂತಾರ ತೋಳಿನಲ್ಲಿ ಹುಡುಗಿ ಬಾಟಲಿ ಹಿಡಿದಿದ್ದಳು. ರೆಪ್ಪೆ ತೊಯ್ದು ಅಂಟಿಕೊಂಡಿದ್ದವು. ಕುಡಿಯುತ್ತ ಕುಡಿಯುತ್ತ ಬಿಕ್ಕುತ್ತಿದ್ದಳು. ಕಾಂತಾರೂ ಅಳುತ್ತಿದ್ದರು. ಅನುಜಾ ಕಿಟಕಿಯ ಸರಳು ಬಿಟ್ಟು ಹಿಂದಕ್ಕೆ ಬಂದಳು. ಮೂರು ದಿನದ ಅಳುವಿಗಿಂತ ಆ ಮೌನ ಅವಳನ್ನು ಹೆಚ್ಚು ಸುಟ್ಟಿತು.

ಎಂಟನೆಯ ದಿನ ಅತಿಶಯ ಕಾರು ತಂದ. ಕಾಂತಾ ಕೂಸನ್ನು ಶಾಲಿನಲ್ಲಿ ಸುತ್ತಿಕೊಂಡು ಹೊರಗೆ ಬಂದವರು, ಹತ್ತುವ ಮೊದಲು ಅನುಜಾಳ ಹತ್ತಿರ ಬಂದು ಮುಖದ ಮೇಲಿನ ಬಟ್ಟೆ ಸರಿಸಿದರು. ಹುಡುಗಿ ಮಲಗಿದ್ದಳು. ಅನುಜಾ ಅವಳ ಹಣೆ ಮುಟ್ಟಲು ಕೈ ಚಾಚಿ, ಎಚ್ಚರಾದೀತೆಂದು ಹಿಂದೆಗೆದಳು. ಕಾರು ಓಣಿ ದಾಟಿ ಹೋಯಿತು.

ಅನುಜಾ ಒಳಗೆ ಬಂದು ಮಗನನ್ನೆತ್ತಿಕೊಂಡಳು. ಅಂದು ಅವನು ಒಲ್ಲೆನೆಂದ. ಮರುದಿನವೂ. ಅವಳು ಬಿಡಲಿಲ್ಲ. ಬೇರೆ ಕೆಲಸವೂ ಇರಲಿಲ್ಲ, ಬೇರೆ ಯಾರೂ ಕಾಯುತ್ತಿರಲಿಲ್ಲ. ಬಾಟಲಿಯ ಹಾಲು ಕಡಿಮೆ ಮಾಡುತ್ತ, ಅವನು ಅರೆನಿದ್ದೆಯಲ್ಲಿದ್ದಾಗ ಎದೆಗೆ ಹಚ್ಚುತ್ತ ಹತ್ತು ದಿನ ಕಳೆದಳು. ಹನ್ನೊಂದನೆಯ ದಿನ ಬೆಳಿಗ್ಗೆ ಅವನು ಹಿಡಿದ. ಕುಡಿದು, ಬಿಟ್ಟು, ಮುಖವೆತ್ತಿ ಅವಳನ್ನು ನೋಡಿದ. ಅವಳು ಅವನನ್ನು ಅಷ್ಟು ಹತ್ತಿರದಿಂದ ಹೆದರಿಕೆಯಿಲ್ಲದೆ ನೋಡಿದ್ದು ಅದೇ ಮೊದಲು. ಎಡ ಹುಬ್ಬಿನ ಮೇಲೆ ಅವನಿಗೊಂದು ಚಿಕ್ಕ ಮಚ್ಚೆಯಿತ್ತು. ಎರಡು ತಿಂಗಳಲ್ಲಿ ಅವಳು ಅದನ್ನು ಗಮನಿಸಿಯೇ ಇರಲಿಲ್ಲ. "ತಪ್ಪಾತೋ ಯಪ್ಪಾ," ಅಂದಳು ಅವನಿಗೆ.

ಮುಂದಿನ ಸಲ ತೂಗಿದಾಗ ಆಶಾ ಕಾರ್ಯಕರ್ತೆ ಖುಷಿಯಿಂದ ಕೂಗಿಯೇ ಹೇಳಿದಳು. ತಾರಾಬಾಯಿ ಸಕ್ಕರೆ ಹಂಚಿದರು. ಸುಯೋಗ ಫೋನಿನಲ್ಲಿ ಎರಡು ಸಲ ಅಂಕಿ ಹೇಳಿಸಿಕೊಂಡ. ಅನುಜಾಳೂ ನಕ್ಕಳು. ಆದರೆ ಆ ತೂಕ ಯಾರ ಪಾಲಿನದೆಂದು ಅವಳಿಗೆ ಗೊತ್ತಿತ್ತು. ಹುಡುಗಿ ಏಳುತ್ತಿದ್ದ ಹೊತ್ತಿಗೆ, ಮಧ್ಯಾಹ್ನ ಮೂರರ ಸುಮಾರಿಗೆ, ಇನ್ನೂ ಅವಳ ಎದೆ ತುಂಬಿ ಬರುತ್ತಿತ್ತು.

ಮೂರು ತಿಂಗಳು ತುಂಬಿದ ಮೇಲೆ ಅವಳು ಮಗನೊಂದಿಗೆ ಪೀರನವಾಡಿಯ ಗಂಡನ ಮನೆಗೆ ಹೋದಳು. ಅಲ್ಲಿಂದ ಅನಗೋಳ ದೂರವಲ್ಲ. ಆದರೂ ಹೋಗಲು ಮತ್ತೆ ಒಂದು ತಿಂಗಳು ಬೇಕಾಯಿತು. ಒಂದು ಬುಧವಾರ ಮಗನನ್ನು ಎತ್ತಿಕೊಂಡು ಆಟೋ ಹತ್ತಿದಳು.

ಬಾಗಿಲು ತೆರೆದೇ ಇತ್ತು. ತಮ್ಮಣ್ಣ ನೆಲದ ಮೇಲೆ ಕೂತು ತೊಟ್ಟಿಲ ಹಗ್ಗ ಎಳೆಯುತ್ತಿದ್ದರು. ಅನುಜಾಳನ್ನು ಕಂಡು ಗಡಬಡಿಸಿ ಎದ್ದರು. ಇಬ್ಬರೂ ಎಂದೂ ಮಾತಾಡಿದವರಲ್ಲ.

"ಬಾರವ್ವಾ," ಅಂದರು. ಗೂಟದ ಮೇಲಿದ್ದ ಟೋಪಿ ತೆಗೆದುಕೊಂಡು ಹೊರಗೆ ಹೋದರು. ಅವಳು ಇರುವಷ್ಟು ಹೊತ್ತೂ ಬರಲಿಲ್ಲ.

ಕಾಂತಾ ಒಳಗಿನಿಂದ ಬಂದು ಸಮ್ಯಕ್‌ನನ್ನು ಕೈಗೆ ತೆಗೆದುಕೊಂಡು, ತೂಗಿ ನೋಡುವವರಂತೆ ಎರಡು ಸಲ ಎತ್ತಿ ಇಳಿಸಿದರು. "ಚಲೋ ಆಗ್ಯಾನ. ದೇವರು ದೊಡ್ಡಾಂವ." ಆಮೇಲೆ ತೊಟ್ಟಿಲಿನಿಂದ ಮೊಮ್ಮಗಳನ್ನೆತ್ತಿ ಅನುಜಾಳ ತೊಡೆಯ ಮೇಲಿಟ್ಟರು. ಅವಳಿಗೆ ಪದ್ಮಶ್ರೀ ಎಂದು ಹೆಸರಿಟ್ಟಿದ್ದರು. ಎರಡೂ ಮನೆಯವರ ಬಾಯಿಗೆ ಹೊಂದುವ ಹೆಸರು. ಅತಿಶಯ ಈಗ ರವಿವಾರಕ್ಕೊಮ್ಮೆ ಬರುತ್ತಾನೆ, ಕಳೆದ ವಾರ ತಾನಾಗಿ ಎತ್ತಿಕೊಂಡ, ಎಂದರು.

ಹುಡುಗಿ ಅನುಜಾಳ ಮುಖವನ್ನು ದಿಟ್ಟಿಸಿ ನೋಡಿದಳು. ನಿಖಿತಾಳ ಕಣ್ಣುಗಳು, ಅವೇ ಅಗಲ ಕಿವಿಗಳು. ಅವಳ ತುಟಿ ನಿಧಾನವಾಗಿ ಕೆಳಗೆ ಬಾಗಿತು, ಗದ್ದ ನಡುಗಿತು. ಅಳು ಶುರುವಾಯಿತು. ಗುರುತಿಲ್ಲದವರನ್ನು ಕಂಡರೆ ಮಕ್ಕಳು ಅಳುವ ಅಳು. ಅದು ಕಿವಿಗೆ ಬಿದ್ದ ಕೂಡಲೇ ಅನುಜಾಳ ಕುಪ್ಪಸ ತೊಯ್ಯಿತು. ಸೆರಗೆಳೆದುಕೊಳ್ಳುವಷ್ಟರಲ್ಲಿ ಕಾಂತಾ ನೋಡಿದ್ದರು.

"ಕುಡಸ್ತಿಯೇನು, ತಂಗೀ?" ಎಂದು ಮೆಲ್ಲಗೆ ಕೇಳಿದರು. "ನಾ ಒಳಗ ಹೋಗ್ತೀನಿ."

ಅನುಜಾಳ ಕೈ ಕುಪ್ಪಸದ ಗುಂಡಿಯ ಮೇಲೆ ಹೋಗಿತ್ತು. ಹಿತ್ತಲಿನ ಕಲ್ಲು, ಮೂರು ದಿನದ ಅಳು, ತೊಯ್ದ ರೆಪ್ಪೆಗಳು ನೆನಪಾದವು. ಅಷ್ಟು ಅತ್ತು ಕಲಿತದ್ದನ್ನು ಈ ಕೂಸು ಮತ್ತೆ ಮರೆತು, ಮತ್ತೆ ಕಲಿಯಬೇಕೇ?

"ಬ್ಯಾಡ್ರಿ ಕಾಕೂ. ಬಾಟಲಿ ತರ್ರಿ."

ಬಾಟಲಿಯನ್ನು ಅವಳೇ ಹಿಡಿದಳು. ಹುಡುಗಿ ಅಳುತ್ತಲೇ ಬಾಯಿ ಹಾಕಿ, ಎರಡು ಗುಟುಕಿಗೆ ಸುಮ್ಮನಾದಳು. ಕಣ್ಣು ಮಾತ್ರ ಕಾಂತಾರ ಮೇಲಿತ್ತು. ಮುಗಿಯುತ್ತಲೇ ಅವರ ಕಡೆ ಎರಡೂ ಕೈ ಆಡಿಸಿದಳು. ಅನುಜಾ ಕೊಟ್ಟಳು.

ಕಾಂತಾ ಅವಳನ್ನು ಉಣ್ಣದೆ ಕಳಿಸಲಿಲ್ಲ. ಬಿಸಿ ಅನ್ನದ ಮೇಲೆ ತುಪ್ಪ ಸುರಿದು, ಎದುರಿಗೆ ಕೂತು, ಇನ್ನೂ ಸ್ವಲ್ಪ ಇನ್ನೂ ಸ್ವಲ್ಪ ಎಂದು ಬಡಿಸಿದರು. ಇಬ್ಬರೂ ಮಕ್ಕಳ ಹಲ್ಲು, ನೆಗಡಿ, ಇಂಜೆಕ್ಷನ್ನಿನ ಬಗ್ಗೆ ಮಾತಾಡಿದರು. ನಿಖಿತಾಳ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಹೊರಡುವಾಗ ಕಾಂತಾ, "ಬರ್ತಿರು. ಅಕಿಗೆ ನಿನ್ನ ಗುರ್ತಾ ಆಗ್ಬೇಕು," ಅಂದರು.

"ಬರ್ತೀನ್ರಿ."

ಸಂಜೆ ಸುಯೋಗ ಕೆಲಸದಿಂದ ಬಂದು ಕೈಕಾಲು ತೊಳೆದು, ಮಗನನ್ನೆತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತ. "ಹೆಂಗ ಅದಾಳ?" ಎಂದು ಕೇಳಿದ.

"ಚಲೋ ಅದಾಳ್ರಿ," ಅಂದಳು ಅನುಜಾ. "ಮೈ ಕೈ ತುಂಬ್ಯಾಳ. ಕಾಕು ಚಂದಂಗ ನೋಡ್ಕೊಳ್ಳಾಕತ್ತಾರ." ಅಷ್ಟು ಹೇಳುವವರೆಗೆ ದನಿ ಸರಿಯಾಗಿತ್ತು. "ನಂದ ಗುರ್ತ ಹಿಡೀಲಿಲ್ರಿ," ಎನ್ನುವಾಗ ಅವಳು ಒಲೆ ಆರಿಸಿ ಕಟ್ಟೆ ಹಿಡಿದುಕೊಂಡಳು.

ಸುಯೋಗ ಒಳಗೆ ಬಂದ. ಅವಳ ಪಕ್ಕ ನಿಂತ. ಅಳಬೇಡ ಎನ್ನಲಿಲ್ಲ.